ಕೆಜಿ ಲೆಕ್ಕವೋ, ಹಾಜರಿ ಲೆಕ್ಕವೋ? ಕಾದಂಬರಿ ಬರೆಯಲು ನಾನು ಹಿಡಿದು ನೋಡಿದ ನಾಲ್ಕು ದಾರಿ

ನಮ್ಮ ಚಿಕ್ಕಮಗಳೂರು ಕಡೆ ‘ರೈಟರ್’ ಅಂದರೆ ಕಥೆ ಬರೆಯುವವನಲ್ಲ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಾಕಿ, ಸಂಜೆ ಹಣ್ಣು ತೂಗಿಸಿ, ಬಟವಾಡೆ ಮಾಡುವವನು. ಆಲ್ದೂರು ಸೀಮೆಯ ಒಂದು ತೋಟದಲ್ಲಿ ಹನ್ನೊಂದು ವರ್ಷದಿಂದ ನಾನು ಆ ಥರದ ರೈಟರು. ಇನ್ನೊಂದು ಥರದ ರೈಟರಾಗುವ ಆಸೆ ಅದಕ್ಕಿಂತ ಹಳೆಯದು. ಮೂರು ಕಾದಂಬರಿ ಶುರು ಮಾಡಿ, ಮೂರನ್ನೂ ನಲವತ್ತನೇ ಪುಟದ ಆಸುಪಾಸಿನಲ್ಲಿ ಕೈಬಿಟ್ಟೆ. ನಾಲ್ಕನೆಯದಕ್ಕೂ ಅದೇ ಗತಿ ಬರಬಾರದು ಅಂತ ಎರಡು ವರ್ಷ ಒಂದೊಂದೇ ಶಿಸ್ತನ್ನು ಹಿಡಿದು ನೋಡಿದ್ದೇನೆ.

ಮೊದಲು ಹಿಡಿದದ್ದು ಪದದ ಲೆಕ್ಕ. ಅಮೆರಿಕದಲ್ಲಿ 1999ರಲ್ಲಿ ನ್ಯಾನೋರೈಮೋ ಅಂತ ಒಂದು ಪಂಥ ಶುರುವಾಯಿತು: ನವೆಂಬರಿನ 30 ದಿನದಲ್ಲಿ 50,000 ಪದ, ಅಂದರೆ ದಿನಕ್ಕೆ 1,667. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುತ್ತೇವೆ ಅಂತ ಹೇಳಿತು. ಆದರೇನು, ತನಗೆ ತಾನೇ ಪಂಥ ಕಟ್ಟಿಕೊಳ್ಳಲು ಸಂಸ್ಥೆ ಯಾಕೆ ಬೇಕು? ನನ್ನ ತೊಡಕು ಬೇರೆ. ನವೆಂಬರ್ ಅಂದರೆ ಇಲ್ಲಿ ಅರೇಬಿಕಾ ಕುಯ್ಲು ಶುರುವಾಗುವ ಹೊತ್ತು. ತೂಕ ಮುಗಿಸಿ ಕೈ ತೊಳೆಯುವಾಗ ರಾತ್ರಿ ಎಂಟು. ಅದರ ಮೇಲೆ ಕನ್ನಡದ್ದೇ ಒಂದು ಪೇಚು. ‘ಹೋಗಬೇಕಾಗಿತ್ತಂತೆ’ ನಮಗೆ ಒಂದು ಪದ; ಇಂಗ್ಲಿಷಿನಲ್ಲಿ ಅಷ್ಟು ಹೇಳಲು ನಾಲ್ಕೈದು ಬೇಕು. ಅವರ 1,667ನ್ನು ಹಾಗೇ ನಮ್ಮ ತಲೆ ಮೇಲೆ ಹೊರಿಸಿದರೆ ಅನ್ಯಾಯ. ಐನೂರಕ್ಕೆ ಇಳಿಸಿಕೊಂಡೆ.

ಹದಿನೆಂಟು ದಿನಕ್ಕೆ 9,000 ಪದವೇನೋ ಆಯಿತು. ಓದಿ ನೋಡಿದರೆ ಕೆಜಿ ಲೆಕ್ಕದಲ್ಲಿ ಕುಯ್ದ ಹಣ್ಣಿನ ಚೀಲ ನೆನಪಾಯಿತು. ಕುಯ್ಲಿನಲ್ಲಿ ಕೆಜಿಗೆ ಇಷ್ಟು ಅಂತ ಕೂಲಿ ಕೊಟ್ಟಾಗ ಕೈ ಓಡುತ್ತದೆ, ನಿಜ. ಆದರೆ ಸಂಜೆ ಚೀಲ ಸುರಿದರೆ ಕೆಂಪು ಹಣ್ಣಿನ ಮಧ್ಯೆ ಹಸಿರು ಕಾಯಿ, ಎಲೆ, ಕಡ್ಡಿ. ನನ್ನ ಒಂದು ಸಾಲು ನೋಡಿ: “ಅವನು ನಿಧಾನವಾಗಿ, ಮೆಲ್ಲಗೆ, ಸದ್ದಾಗದಂತೆ ಬಾಗಿಲು ತೆರೆದ.” ಒಂದೇ ಮಾತಿಗೆ ಮೂರು ಪದ. ಐನೂರು ತುಂಬಿಸುವ ಕಳ್ಳಾಟ. ಅರ್ಧಕ್ಕರ್ಧ ಹೊಡೆದು ಹಾಕಿದೆ. ಹಾಗಂತ ಈ ದಾರಿ ಕೆಲಸಕ್ಕೆ ಬಾರದ್ದಲ್ಲ. ಕಥೆ ನಡುನೀರಿನಲ್ಲಿ ನಿಂತಾಗ ದಡಕ್ಕೆ ತಳ್ಳಲು ಈಗಲೂ ಒಂದೆರಡು ದಿನ ಇದನ್ನೇ ಹಿಡಿಯುತ್ತೇನೆ.

ಎರಡನೆಯದು ಪೊಮೊಡೋರೊ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವ ಇಟಲಿಯ ವಿದ್ಯಾರ್ಥಿ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದಲು ಕೂತದ್ದರಿಂದ ಈ ಹೆಸರು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾನು ಮೊಬೈಲಿನಲ್ಲೇ ಟೈಮರ್ ಇಟ್ಟೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಬಿಡುವಿನ ಐದು ನಿಮಿಷ ವಾಟ್ಸ್ಯಾಪ್ ಸ್ಟೇಟಸ್ ನೋಡುತ್ತ ಮುಕ್ಕಾಲು ಗಂಟೆ. ಆಮೇಲೆ ಪೇಟೆಯಿಂದ ಕೀಲಿ ಕೊಡುವ ಟೈಮರ್ ತಂದೆ. ಆಗಲೂ ಸರಿಹೋಗಲಿಲ್ಲ. ನನಗೆ ಪಾತ್ರದೊಳಗೆ ಇಳಿಯಲಿಕ್ಕೇ ಇಪ್ಪತ್ತು ನಿಮಿಷ ಬೇಕು. ನಾಯಕಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ. ಆದರೆ ಬರೆದದ್ದನ್ನು ತಿದ್ದುವುದಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ತಿದ್ದುವಾಗ ಅರ್ಧ ಗಂಟೆ ಮೇಲೆ ಕೂತರೆ ಕಣ್ಣಿಗೆ ಎಲ್ಲ ಸಾಲೂ ಚೆನ್ನಾಗಿಯೇ ಕಾಣತೊಡಗುತ್ತದೆ.

ಮೂರನೆಯದನ್ನು ಬೇಗ ಮುಗಿಸುತ್ತೇನೆ, ನಾಚಿಕೆಯ ವಿಷಯ. ಹಾಸನದಲ್ಲಿ ಮೇಷ್ಟ್ರಾಗಿರುವ ಗೆಳೆಯನಿಗೆ ಪ್ರತಿ ಭಾನುವಾರ ಐದು ಪುಟ ಕಳಿಸುವುದು, ತಪ್ಪಿದರೆ 200 ರೂಪಾಯಿ ದಂಡ. ಮೊದಲ ಅಧ್ಯಾಯಕ್ಕೆ ಅವನು “ಭೇಷ್” ಅಂದ. ಇನ್ನೊಂದು ಭೇಷ್‌ಗೋಸ್ಕರ ಆರು ವಾರ ಅದೇ ಅಧ್ಯಾಯವನ್ನು ತಿದ್ದಿ ತೀಡಿ ಕಳಿಸಿದೆ. ದಂಡ ಒಂದು ರೂಪಾಯಿ ಬೀಳಲಿಲ್ಲ, ಕಥೆ ಒಂದು ಪುಟ ಮುಂದೆ ಹೋಗಲಿಲ್ಲ.

ಕೊನೆಗೆ ಹಿಡಿದದ್ದು ನನ್ನ ಹೊಟ್ಟೆಪಾಡಿನದ್ದೇ ವಿದ್ಯೆ, ಹಾಜರಿ. ಕಳೆದ ಸೆಪ್ಟೆಂಬರಿನಿಂದ ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತೇನೆ. ಹಂಡೆ ನೀರು ಕಾಯಲು ಒಂದು ಗಂಟೆ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತು ಒಲೆಯ ಪಕ್ಕ ಮಣೆ ಹಾಕಿಕೊಂಡು, ತೊಡೆ ಮೇಲೆ ಲಾಂಗ್ ಬುಕ್ ಇಟ್ಟುಕೊಂಡು ಕೂರುವುದು. ಬರೆಯಲೇಬೇಕೆಂದಿಲ್ಲ. ಆದರೆ ಸೌದೆ ಒಳಗೆ ತಳ್ಳುವುದು, ಬೆಲ್ಲದ ಕಾಫಿ ಗುಟುಕರಿಸುವುದು ಬಿಟ್ಟರೆ ಬೇರೇನೂ ಮಾಡುವಂತಿಲ್ಲ. ಮೊಬೈಲು ಒಳಗೆ, ಹೆಂಡತಿಯ ದಿಂಬಿನ ಪಕ್ಕ. ಪೂರ್ತಿ ಕೂತ ದಿನಕ್ಕೆ ಒಂದು ಗೀಟು, ಅರ್ಧಕ್ಕೆ ಎದ್ದರೆ ಅರ್ಧ ಗೀಟು.

ಮೊದಲ ವಾರ ಬೆಂಕಿ ನೋಡಿದ್ದೇ ಬಂತು. ಏಳು ದಿನಕ್ಕೆ ಎರಡು ಸಾಲು. “ರೀ, ಬರೀತೀರೋ ತೂಕಡಿಸ್ತೀರೋ?” ಅಂತ ಇವಳು ಕೇಳಿದಳು. ಎರಡನೇ ವಾರ, ಬೇಜಾರು ತಡೆಯಲಾರದೆ ಇರಬೇಕು, ಕೈ ತಾನಾಗಿ ಓಡಿತು. ಒಂದು ಪುಟ ಬಂದ ದಿನವೂ ಒಂದೇ ಗೀಟು, ಏನೂ ಬರದ ದಿನವೂ ಒಂದೇ ಗೀಟು. ಹಾಗಾಗಿ ಎಲೆ, ಕಡ್ಡಿ ಸೇರಿಸುವ ಚಪಲವೇ ಹುಟ್ಟುವುದಿಲ್ಲ. ಪದದ ಲೆಕ್ಕಕ್ಕೂ ಇದಕ್ಕೂ ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ. ಹುಳುಕು ಇಲ್ಲವೇ? ಇದೆ. ಕುಯ್ಲಿನ ಭರಾಟೆಯಲ್ಲಿ, ಡಿಸೆಂಬರಿನಲ್ಲಿ ಹನ್ನೊಂದೇ ಗೀಟು. ಈಗ ಮಳೆಗಾಲ, ಹಸಿ ಸೌದೆ ಉರಿಯದೆ ಹೊಗೆ ಕಣ್ಣಿಗೆ ತುಂಬಿ ಅರ್ಧ ಗೀಟುಗಳೇ ಹೆಚ್ಚು. ಆದರೂ 143ನೇ ಪುಟಕ್ಕೆ ಬಂದಿದ್ದೇನೆ. ನಾಯಕಿ ಟ್ರಂಕು ಹಿಡಿದುಕೊಂಡು ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾಲ್ಕು ದಿನವಾಯಿತು. ಯಾವ ಬಸ್ಸು ಹತ್ತುತ್ತಾಳೋ ನನಗೂ ಹೇಳಿಲ್ಲ.

ಮೊನ್ನೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕದ ಜೊತೆ ಆ ಲಾಂಗ್ ಬುಕ್ಕೂ ಗೊತ್ತಿಲ್ಲದೆ ತೋಟಕ್ಕೆ ಬಂದುಬಿಟ್ಟಿತ್ತು. ನಮ್ಮ ಹಳೇ ಆಳು ಒಬ್ಬ ಅಜ್ಜಿ ಇಣುಕಿ ನೋಡಿದಳು.

“ಇದ್ಯಾರ ಹಾಜ್ರಿ ರೈಟ್ರೇ, ಒಂದೇ ಸಾಲು ಐತೆ?”

“ನಂದೇ ಅಜ್ಜಿ.”

“ಬಟವಾಡೆ ಯಾರು ಕೊಡ್ತಾರೆ?”