ಸೋಲಾರ್ ಟ್ಯಾಂಕಿನ ಕಾಯಿಲಿಗೆ ಸ್ಮಾರ್ಟ್ ಥರ್ಮೋಸ್ಟ್ಯಾಟ್: ಕರಾವಳಿಯ ಮಳೆಗಾಲಕ್ಕೆ ಸೋನಾಫ್ ಟಿಎಚ್ ಎಲೀಟ್

ಸೋನಾಫ್ ಟಿಎಚ್ ಎಲೀಟ್ ಎಂದರೆ ನೀರಿನ ಉಷ್ಣತೆ ನೋಡಿ ಕಾಯಿಲನ್ನು ತಾನಾಗಿ ಆನ್, ಆಫ್ ಮಾಡುವ ವೈಫೈ ಸ್ವಿಚ್. ಬಚ್ಚಲಿನ 15 ಲೀಟರ್ ಗೀಸರಿಗೆ ಹಾಕಲೆಂದು ಅದನ್ನು ಕೊಳ್ಳುವುದಾದರೆ ಬೇಡ. ಗೀಸರಿಗೆ ಟಾಪೊ, ವಿಪ್ರೊದಂಥ 16 ಆಂಪಿಯರಿನ ಒಂದು ಸ್ಮಾರ್ಟ್ ಪ್ಲಗ್ ಧಾರಾಳ ಸಾಕು. ಟೆರೇಸಿನಲ್ಲಿ 200 ಲೀಟರಿನ ಸೋಲಾರ್ ಟ್ಯಾಂಕ್, ಅದರೊಳಗೆ 2 ಕಿಲೋವ್ಯಾಟಿನ ಬ್ಯಾಕಪ್ ಕಾಯಿಲ್, ಆಟಿ ತಿಂಗಳ ಮಳೆಯಲ್ಲಿ ಆ ಕಾಯಿಲಿನ ಸ್ವಿಚ್ ಹಾಕಿದ್ದು ಯಾರು, ತೆಗೆಯಲು ಮರೆತದ್ದು ಯಾರು ಎಂಬ ದಿನನಿತ್ಯದ ತಕರಾರು: ಈ ಮೂರೂ ಇರುವ ಮನೆಗೆ ಇದು ಹೇಳಿ ಮಾಡಿಸಿದ ಸಾಮಾನು.

ಮೊದಲು ಒಂದು ಎಚ್ಚರಿಕೆ. ಸ್ಮಾರ್ಟ್ ಥರ್ಮೋಸ್ಟ್ಯಾಟ್ ಎಂದು ನೆಟ್ಟಿನಲ್ಲಿ ಹುಡುಕಿದರೆ ಎದುರಾಗುವುದು ನೆಸ್ಟ್, ಇಕೋಬೀ. ಅಮೆರಿಕದಲ್ಲಿ ಚಳಿಗೆ ಇಡೀ ಮನೆಯನ್ನು ಬೆಚ್ಚಗಿಡುವ ಫರ್ನೇಸಿಗೆ 24 ವೋಲ್ಟಿನ ಸಪೂರ ವಯರಿನಲ್ಲಿ ಅಪ್ಪಣೆ ಕೊಡುವ ಯಂತ್ರಗಳವು. ಅಲ್ಲಿಂದ ಬಂದ ನೆಂಟರು ಉಡುಗೊರೆಯಾಗಿ ತಂದುಕೊಟ್ಟರೂ ಗೋಡೆಗೆ ಅಂಟಿಸಿ ಚಂದ ನೋಡಬಹುದು ಅಷ್ಟೇ. ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಮಂಗಳೂರು, ಉಡುಪಿಯಲ್ಲಿ ಬಿಸಿ ಮಾಡಬೇಕಾದ್ದು ಮನೆಯನ್ನಲ್ಲ, ಮೀಯುವ ನೀರನ್ನು. ಹಂಡೆಯ ಒಲೆಗೆ ಸಿಪ್ಪೆ, ಗೆರಟೆ ತುರುಕುತ್ತಿದ್ದ ಕಾಲದಲ್ಲಿ ಒಲೆಯ ಬೆಂಕಿ ತಾನಾಗಿ ಆರುತ್ತಿತ್ತು. ಕಾಯಿಲ್ ಹಾಗೆ ಆರುವುದಿಲ್ಲ.

ಎಷ್ಟು ಉಳಿತಾಯ ಎಂಬ ಪ್ರಶ್ನೆಗೆ ಮಾರುವವರು ಕೊಡುವ ಉತ್ತರ ನಂಬುವಂಥದ್ದಲ್ಲ. ಲೆಕ್ಕ ನೀವೇ ಮಾಡಿ. ನಾಲ್ಕು ಜನ, ತಲಾ ಎರಡು ಬಕೆಟ್, ಬಕೆಟಿಗೆ 20 ಲೀಟರ್: ಒಟ್ಟು 160 ಲೀಟರ್ ನೀರು 27 ಡಿಗ್ರಿಯಿಂದ 40 ಡಿಗ್ರಿಗೆ ಏರಬೇಕು. ಅದಕ್ಕೆ ಬೇಕಾದ ಕರೆಂಟ್ 2.4 ಯೂನಿಟ್. ಟ್ಯಾಂಕಿನ ನೀರನ್ನು 60ಕ್ಕೆ ಕಾಯಿಸಿ ಹೆಚ್ಚು ತಣ್ಣೀರು ಬೆರೆಸಿದರೂ ಅಷ್ಟೇ, 45ಕ್ಕೆ ಕಾಯಿಸಿ ಕಡಿಮೆ ಬೆರೆಸಿದರೂ ಅಷ್ಟೇ. ಈ 2.4 ಯೂನಿಟನ್ನು ಯಾವ ಸ್ಮಾರ್ಟ್ ಪೆಟ್ಟಿಗೆಯೂ ಕಡಿಮೆ ಮಾಡಲಾರದು.

ಉಳಿಯುವುದು ಬೇರೆ ಎರಡು ಕಡೆ. ಒಂದು, ಟ್ಯಾಂಕ್ ಸುಮ್ಮನೆ ನಿಂತಲ್ಲೇ ತಣಿಯುವ ನಷ್ಟ. 60 ಡಿಗ್ರಿಯಲ್ಲಿರುವ 200 ಲೀಟರ್ ನೀರು ದಿನಕ್ಕೆ 8 ಡಿಗ್ರಿ ಇಳಿಯುತ್ತದೆ ಎಂದಿಟ್ಟುಕೊಂಡರೆ ಅದು 1.9 ಯೂನಿಟ್. ಅದೇ ಟ್ಯಾಂಕ್ 45ರಲ್ಲಿದ್ದರೆ ಹೊರಗಿನ ಹವೆಗೂ ನೀರಿಗೂ ಅಂತರ ಕಡಿಮೆಯಾದ್ದರಿಂದ ನಷ್ಟ ಸುಮಾರು 1 ಯೂನಿಟಿಗೆ ಇಳಿಯುತ್ತದೆ. ಎರಡನೆಯದೇ ದೊಡ್ಡದು. ಬೆಳಿಗ್ಗೆ ಎಲ್ಲರೂ ಮಿಂದ ಮೇಲೆ ಟ್ಯಾಂಕಿಗೆ ತಣ್ಣೀರು ತುಂಬಿಕೊಳ್ಳುತ್ತದೆ. ಸ್ವಿಚ್ ಹಾಕಿಯೇ ಇದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಕಾಯಿಲ್ ಆ ನೀರನ್ನೂ ಕಾಯಿಸಿ ಮುಗಿಸಿರುತ್ತದೆ. ಹನ್ನೊಂದಕ್ಕೆ ಮೋಡ ಸರಿದು ಎರಡು ಗಂಟೆ ಬಿಸಿಲು ಬಂದರೆ ಸೋಲಾರಿಗೆ ಕೆಲಸವೇ ಇಲ್ಲ. ಆ ಬಿಸಿಲು 200 ಲೀಟರನ್ನು 10 ಡಿಗ್ರಿ ಏರಿಸಬಲ್ಲದು ಎಂದಾದರೆ ಅದರ ಬೆಲೆ 2.3 ಯೂನಿಟ್. ಪುಕ್ಕಟೆ ಸಿಗಬೇಕಾದ್ದಕ್ಕೆ ಮೆಸ್ಕಾಂಗೆ ಮೊದಲೇ ದುಡ್ಡು ಕಟ್ಟಿದ ಹಾಗೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕಾಗುವುದರಿಂದ ಜುಲೈ, ಆಗಸ್ಟಿನಲ್ಲಿ ದಿನಕ್ಕೆ ಎರಡು ಮೂರು ಯೂನಿಟ್ ಎಂಬುದು ಸಣ್ಣ ಮಾತಲ್ಲ.

ಸಾಮಾನಿನ ವಿಷಯಕ್ಕೆ ಬರೋಣ. ಟಿಎಚ್ ಎಲೀಟ್ ಚೀನಾದ ಷೆನ್ಜೆನ್‌ನ ಐಟೀಡ್ ಕಂಪನಿಯದು. ಅಂಗೈಯಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಉಷ್ಣತೆ ತೋರಿಸುವ ಸಣ್ಣ ಪರದೆ, ಒಳಗೆ ವೈಫೈ ಮತ್ತು ಕರೆಂಟನ್ನು ಹಾಕಿ ತೆಗೆಯುವ ರಿಲೇ. 16 ಆಂಪಿಯರಿನದು ಟಿಎಚ್‌ಆರ್‌316ಡಿ, 20 ಆಂಪಿಯರಿನದು ಟಿಎಚ್‌ಆರ್‌320ಡಿ. 2 ಕಿಲೋವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಎಳೆಯುವುದು 8.7 ಆಂಪಿಯರ್, 3 ಕಿಲೋವ್ಯಾಟಿನದು 13. ಲೆಕ್ಕದಲ್ಲಿ 16ರದ್ದೇ ಎರಡಕ್ಕೂ ಸಾಕು. ಆದರೆ ಎರಡು ಗಂಟೆ ಬಿಡುವಿಲ್ಲದೆ ಹರಿಯುವ ಕರೆಂಟಿಗೆ ರಿಲೇಯ ಗರಿಷ್ಠ ಮಿತಿಗೆ ಹತ್ತಿರ ಹೋಗುವುದು ಜಾಣತನವಲ್ಲ. 2 ಕಿಲೋವ್ಯಾಟಿಗೂ 20ರದ್ದನ್ನೇ ತೆಗೆದುಕೊಳ್ಳಿ. 3 ಕಿಲೋವ್ಯಾಟ್ ಇದ್ದರೆ ಜೊತೆಗೆ 230 ವೋಲ್ಟಿನಲ್ಲಿ ನಡೆಯುವ 25 ಆಂಪಿಯರ್ ಎರಡು ಪೋಲ್ ಕಾಂಟ್ಯಾಕ್ಟರ್ (ಭಾರಿ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಹಾಕಿಸಿ. ಆಗ ಸೋನಾಫ್ ಕಾಂಟ್ಯಾಕ್ಟರಿಗೆ ಅಪ್ಪಣೆ ಮಾತ್ರ ಕೊಡುತ್ತದೆ, ಭಾರ ಹೊರುವುದು ಕಾಂಟ್ಯಾಕ್ಟರ್. ಆಫ್ ಆದಾಗ ಫೇಸ್, ನ್ಯೂಟ್ರಲ್ ಎರಡೂ ಕಡಿಯುತ್ತವೆ ಎಂಬುದು ಮೇಲುಲಾಭ.

ಸೆನ್ಸರ್ ಬೇರೆಯೇ ಕೊಳ್ಳಬೇಕು. ನೀರಿಗೆ ಬೇಕಾದ್ದು ಡಬ್ಲ್ಯುಟಿಎಸ್01, ಅಂದರೆ ಸ್ಟೀಲ್ ಕೊಳವೆಯೊಳಗೆ ಕೂರಿಸಿದ ಡಿಎಸ್18ಬಿ20 ಚಿಪ್. ಇದರ ನಿಖರತೆ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಆಚೀಚೆ. ಹಳೆಯ ಮಾದರಿ ಟಿಎಚ್16ರ ಸೆನ್ಸರಿಗೆ ಇಯರ್‌ಫೋನಿನಂಥ ದುಂಡಗಿನ ಪಿನ್ ಇತ್ತು. ಎಲೀಟಿನಲ್ಲಿರುವುದು ಲ್ಯಾಂಡ್‌ಲೈನ್ ರಿಸೀವರಿನ ವಯರಿನಂಥ ಚೌಕ ಜ್ಯಾಕ್. ಆನ್‌ಲೈನಿನಲ್ಲಿ ಹಳೆಯ ಸೆನ್ಸರುಗಳೂ ಮಾರಾಟಕ್ಕಿವೆ. ಚಿತ್ರ ನೋಡಿಯೇ ಆರ್ಡರ್ ಮಾಡಿ, ಇಲ್ಲದಿದ್ದರೆ ಅಡಾಪ್ಟರ್ ಹುಡುಕುವ ಕೆಲಸ.

ಎಲ್ಲಿ ಕೂರಿಸಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. ಈ ಪೆಟ್ಟಿಗೆಗೆ ಮಳೆ ತಾಗಬಾರದು, ಅದನ್ನು ಟ್ಯಾಂಕಿನ ಕಾಲಿಗೆ ಕಟ್ಟುವ ಹಾಗಿಲ್ಲ. ಕೆಳಗಿನ ಡಿಬಿಯ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆಯ) ಹತ್ತಿರ ಇಟ್ಟರೆ ಸೆನ್ಸರಿನ ವಯರ್ ಮುಟ್ಟುವುದಿಲ್ಲ. ಟೆರೇಸಿಗೆ ಹತ್ತುವ ಮೆಟ್ಟಿಲಿನ ಮೇಲಿನ ಕೋಣೆಯ ಒಳಗೋಡೆ ಸರಿಯಾದ ಜಾಗ. ಆದರೆ ಕಾಂಕ್ರೀಟ್ ಸ್ಲ್ಯಾಬ್, ಕೆಂಪುಕಲ್ಲಿನ ಗೋಡೆ ದಾಟಿ ವೈಫೈ ಅಲ್ಲಿಗೆ ಬರುತ್ತದೆಯೇ? ಸ್ಕ್ರೂ ಹೊಡೆಯುವ ಮೊದಲು ಮೊಬೈಲನ್ನು ರೂಟರಿನ 2.4 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ, ಅಲ್ಲಿ ನಿಂತು ನೋಡಿ. ಈ ಸಾಧನ 5 ಗಿಗಾಹರ್ಟ್ಸನ್ನು ಹಿಡಿಯುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟ ರೂಟರಾದರೆ ಪೇರಿಂಗ್ (ಸಾಧನವನ್ನು ವೈಫೈಗೆ ಸೇರಿಸುವ ಕೆಲಸ) ಮುಗಿಯುವವರೆಗೆ 5ನ್ನು ಆಫ್ ಮಾಡಿ.

ಪೆಟ್ಟಿಗೆಯನ್ನು ದೂಳು, ನೀರು ಒಳಹೋಗದ ಇನ್ನೊಂದು ಐಪಿ65 ಪ್ಲಾಸ್ಟಿಕ್ ಬಾಕ್ಸಿನೊಳಗೆ ಇಡುವುದು ಒಳ್ಳೆಯದು. ಮಳೆಗಿಂತ ಹೆಚ್ಚಾಗಿ ಹಲ್ಲಿ ಮತ್ತು ಇರುವೆಗಾಗಿ. ಬೆಚ್ಚಗಿನ ಜಾಗ ಕಂಡರೆ ಎರಡೂ ಬಂದು ಸೇರುತ್ತವೆ. ವಯರುಗಳು ಬಾಕ್ಸಿನ ಕೆಳಬದಿಯಿಂದ ಗ್ಲ್ಯಾಂಡ್ (ವಯರನ್ನು ಬಿಗಿ ಹಿಡಿಯುವ ಬಳೆ) ಮೂಲಕ ಒಳಬರಲಿ, ಬರುವ ಮೊದಲು ಒಂದು ಗೇಣು ಕೆಳಗೆ ಬಾಗಿ ಮೇಲೇರಲಿ. ವಯರಿಗುಂಟ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ವಯರಿಂಗನ್ನು ಲೈಸೆನ್ಸ್ ಇರುವ ಇಲೆಕ್ಟ್ರಿಶಿಯನ್ ಮಾಡಲಿ. ಮಾಡಿದ್ದು ಸರಿಯೇ ಎಂದು ನೋಡಲು ನಿಮಗೆ ಗೊತ್ತಿರಬೇಕಾದ್ದು ಇಷ್ಟು: ಕಾಯಿಲಿಗೆ ಡಿಬಿಯಿಂದ ಪ್ರತ್ಯೇಕ ಎಂಸಿಬಿ, 2 ಕಿಲೋವ್ಯಾಟಿಗೆ 16 ಆಂಪಿಯರ್. ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ, ಕಾಯಿಲ್ ತೂತಾದ ದಿನ ನಲ್ಲಿಯ ನೀರಿನಲ್ಲಿ ಶಾಕ್ ಹೊಡೆಯುವುದನ್ನು ತಪ್ಪಿಸುವುದು ಅದೊಂದೇ. ತಾಮ್ರದ ವಯರ್ 2.5 ಚದರ ಮಿಲಿಮೀಟರ್, ವಯರಿನ ಉದ್ದ 20 ಮೀಟರಿಗಿಂತ ಹೆಚ್ಚಿದ್ದರೆ 4. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಹಳೆಯ 20 ಆಂಪಿಯರ್ ಡಿಪಿ ಸ್ವಿಚ್ಚನ್ನು ಕಿತ್ತು ಬಿಸಾಡಬೇಡಿ. ಅದು ಸೋನಾಫ್‌ಗಿಂತ ಮೊದಲು ಇರಲಿ, ರಿಪೇರಿಗೆ ಎಲ್ಲವನ್ನೂ ಕಡಿದಿಡಲು ಬೇಕು. ಡಿಪಿ ಸ್ವಿಚ್ಚಿನ ಬಾಕ್ಸಿಗೆ ನ್ಯೂಟ್ರಲ್ ಬಂದೇ ಇರುತ್ತದೆ, ಹೀಗಾಗಿ ವೈಫೈ ಸ್ವಿಚ್ಚಿಗೆ ನ್ಯೂಟ್ರಲ್ ಸಿಗದ ಗೋಳು ಇಲ್ಲಿ ಇಲ್ಲ. ಅರ್ತ್ ವಯರ್ ಎಲ್ಲೂ ತುಂಡಾಗದೆ ಟ್ಯಾಂಕಿನ ಲೋಹದವರೆಗೆ ಹೋಗಬೇಕು.

ಇಂಥ ಪೆಟ್ಟಿಗೆಗಳು ಕೆಡುವುದು ಸಾಮಾನ್ಯವಾಗಿ ಟರ್ಮಿನಲ್ಲಿನಲ್ಲಿ. ವಯರಿನ ಎಳೆಗಳನ್ನು ಹಾಗೇ ಹೊಸೆದು ತುರುಕಿದರೆ ಹಿಡಿತ ಸಡಿಲ, ಉಪ್ಪುಗಾಳಿಗೆ ತಾಮ್ರ ಕಪ್ಪಾಗುತ್ತದೆ. ಮಲ್ಪೆ, ಉಳ್ಳಾಲ, ಸುರತ್ಕಲ್‌ನ ಕಡಲಬದಿಯಲ್ಲಿ ಇದು ಇನ್ನೂ ಬೇಗ. ಆ ಜಾಗದಲ್ಲಿ 0.1 ಓಮ್ ತಡೆ ಹುಟ್ಟಿಕೊಂಡರೂ 8.7 ಆಂಪಿಯರಿಗೆ ಏಳೂವರೆ ವ್ಯಾಟ್ ಶಾಖ ಒಂದೇ ಸ್ಕ್ರೂವಿನ ತಲೆಯಲ್ಲಿ ಸೇರುತ್ತದೆ, ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಪ್ರತಿ ತುದಿಗೂ ಪಿನ್ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ) ಒತ್ತಿಸಿ, ಒಂದು ತಿಂಗಳ ಬಳಿಕ ಎಂಸಿಬಿ ಇಳಿಸಿ ಮತ್ತೊಮ್ಮೆ ಬಿಗಿ ಮಾಡಿಸಿ.

ಸೆನ್ಸರ್ ಎಲ್ಲಿಡಬೇಕು? ಟ್ಯಾಂಕಿಗೆ ಥರ್ಮೋವೆಲ್ (ಸೆನ್ಸರ್ ಇಳಿಸಲೆಂದೇ ಇರುವ, ತುದಿ ಮುಚ್ಚಿದ ಕೊಳವೆ) ಇದ್ದರೆ ಬೇರೆ ಯೋಚನೆಯೇ ಬೇಡ. ಇಲ್ಲದಿದ್ದರೆ ಬ್ಯಾಕಪ್ ಕಾಯಿಲಿನ ಮುಚ್ಚಳದೊಳಗೆ, ಫ್ಲ್ಯಾಂಜಿನ (ಕಾಯಿಲನ್ನು ಟ್ಯಾಂಕಿಗೆ ಬಿಗಿದ ತಟ್ಟೆಯ) ಲೋಹಕ್ಕೆ ಥರ್ಮಲ್ ಪೇಸ್ಟ್ ಹಚ್ಚಿ ಒತ್ತಿ ಕಟ್ಟಬಹುದು. ಕರೆಂಟಿನ ತುದಿಗಳಿಗೆ ತಾಗದಂತೆ ಸ್ಲೀವ್ ಹಾಕಬೇಕು. ಅಲ್ಲಿ ಸಿಗುವ ಉಷ್ಣತೆ ಒಳಗಿನ ನೀರಿಗಿಂತ ಕೆಲವು ಡಿಗ್ರಿ ಕಡಿಮೆ. ನಲ್ಲಿಯಲ್ಲಿ ಬಂದ ನೀರನ್ನು ಅಡುಗೆಯ ಥರ್ಮಾಮೀಟರಿನಲ್ಲಿ ಅಳೆದು ಆ ಅಂತರ ಬರೆದಿಟ್ಟುಕೊಳ್ಳಿ. ಬಿಸಿನೀರಿನ ಪೈಪಿಗೆ ಕಟ್ಟಿದರೆ ಪ್ರಯೋಜನವಿಲ್ಲ: ನೀರು ಹರಿಯದಾಗ ಪೈಪ್ ತಣ್ಣಗಿರುತ್ತದೆ, ಟ್ಯಾಂಕ್ ಕುದಿಯುತ್ತಿದ್ದರೂ ಸೆನ್ಸರ್ 28 ಎನ್ನುತ್ತದೆ. ಮೇಲಿನ ಗಾಳಿಕೊಳವೆಯಿಂದ ಸೆನ್ಸರ್ ಇಳಿಬಿಟ್ಟು ಸುತ್ತ ಎಂಸೀಲ್ ಮೆತ್ತುವುದಂತೂ ಅಪಾಯ. ಆ ಕೊಳವೆ ಮುಚ್ಚಿದರೆ ಟ್ಯಾಂಕಿಗೆ ಉಸಿರಾಟವಿಲ್ಲ, ಆವಿ ಕಟ್ಟಿ ಉಬ್ಬಬಹುದು, ನೀರು ಖಾಲಿಯಾಗುವಾಗ ಒಳಕ್ಕೆ ಕುಸಿಯಬಹುದು. ಮುಚ್ಚಳ ಬಿಚ್ಚಿದರೆ ಸೋಲಾರಿನ ವಾರಂಟಿ ಉಳಿಯುತ್ತದೆಯೇ ಎಂದು ಹಾಕಿಕೊಟ್ಟವರನ್ನು ಮೊದಲೇ ಕೇಳಿಬಿಡಿ.

ಕಾಯಿಲಿನ ಸ್ವಂತ ಥರ್ಮೋಸ್ಟ್ಯಾಟನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಿಸಬೇಡಿ. ಸ್ಮಾರ್ಟ್ ರಿಲೇ ಕೆಡುವಾಗ ಸಂಪರ್ಕಗಳು ಅಂಟಿ ಆನ್ ಸ್ಥಿತಿಯಲ್ಲೇ ನಿಲ್ಲುವುದುಂಟು. ಆಗ ಟ್ಯಾಂಕನ್ನು ಕಾಪಾಡುವುದು ಕಾಯಿಲಿನ ಆ ಥರ್ಮೋಸ್ಟ್ಯಾಟೇ.

ಗೋಡೆಗೆ ಏರಿಸುವ ಮೊದಲು ಜಜ್ಜಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಸೆನ್ಸರ್ ಅದ್ದಿ. ಐದು ನಿಮಿಷದಲ್ಲಿ ಸೊನ್ನೆಯ ಹತ್ತಿರ ನಿಲ್ಲಬೇಕು. ಎರಡು ಡಿಗ್ರಿ ತಪ್ಪು ತೋರಿಸಿದರೆ ವಾಪಸ್ ಕಳಿಸಿ.

ಇವೀಲಿಂಕ್ ಆ್ಯಪಿನಲ್ಲಿ ಆಟೋ ಮೋಡ್ ಆರಿಸಿ. ಮಳೆಗಾಲಕ್ಕೆ ಹೊಂದುವ ಲೆಕ್ಕ: ಬೆಳಿಗ್ಗೆ 4.15ರಿಂದ 6.45ರ ಅವಧಿಯೊಳಗೆ 41 ಡಿಗ್ರಿಗಿಂತ ಕೆಳಗಿದ್ದರೆ ಆನ್, 45 ಮುಟ್ಟಿದರೆ ಆಫ್. ಆನ್, ಆಫ್ ನಡುವೆ ಮೂರು ನಾಲ್ಕು ಡಿಗ್ರಿ ಅಂತರ ಬೇಕೇಬೇಕು. ಒಂದೇ ಡಿಗ್ರಿ ಇಟ್ಟರೆ ರಿಲೇ ಟಕ್ ಟಕ್ ಎಂದು ಬಡಿದುಕೊಂಡು ಬೇಗ ಸವೆಯುತ್ತದೆ. ಇಷ್ಟು ಬೇಗ ಶುರುಮಾಡಲು ಕಾರಣ ವೋಲ್ಟೇಜ್. 27ರಿಂದ 45ಕ್ಕೆ 200 ಲೀಟರ್ ಏರಲು 4.2 ಯೂನಿಟ್ ಬೇಕು, 230 ವೋಲ್ಟಿದ್ದರೆ ಎರಡು ಗಂಟೆ ಆರು ನಿಮಿಷ. ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಕಾಯಿಲ್ ಕೊಡುವುದು 1500 ವ್ಯಾಟ್, ಸಮಯ ಎರಡು ಮುಕ್ಕಾಲು ಗಂಟೆ. ಪೂರ್ತಿ ತಣ್ಣಗಾದ ಟ್ಯಾಂಕಿಗೆ ಮಾತ್ರ ಇಷ್ಟು ಹೊತ್ತು, ಹಿಂದಿನ ದಿನದ ಬಿಸಿ ಉಳಿದಿದ್ದರೆ ಅರ್ಧದಲ್ಲೇ ಮುಗಿಯುತ್ತದೆ. ವಾರಕ್ಕೊಮ್ಮೆ 60ಕ್ಕೆ ಏರಿಸಿ. 45ರ ಆಸುಪಾಸಿನಲ್ಲೇ ದಿನಗಟ್ಟಲೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಬಹುದು. ಅಂದು ಮಕ್ಕಳ ಬಕೆಟಿಗೆ ಮೊದಲು ತಣ್ಣೀರು ಬಿಡಿ, 60ರ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ಕರೆಂಟ್ ಹೋಗಿ ಬಂದಾಗ ಏನಾಗಬೇಕೆಂಬ ಸೆಟ್ಟಿಂಗನ್ನು ಆಫ್‌ನಲ್ಲಿಡಿ, ಬಳಿಕ ಎಂಸಿಬಿ ಒಮ್ಮೆ ಇಳಿಸಿ ಏರಿಸಿ ನಿಜಕ್ಕೂ ಹಾಗೇ ಆಗುತ್ತದೆಯೇ ನೋಡಿ. ಇಂಟರ್ನೆಟ್ ಇಲ್ಲದಿದ್ದರೂ ಆಟೋ ಮೋಡ್ ಪೆಟ್ಟಿಗೆಯೊಳಗೇ ನಡೆಯುತ್ತದೆ, ಇದು ಇದರ ದೊಡ್ಡ ಗುಣ. ಆದರೆ ಇಂಥ ಸಾಧನಗಳಿಗೆ ಗಂಟೆ ಎಷ್ಟೆಂದು ಹೇಳುವುದು ನೆಟ್ಟು. ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲದೆ, ಬೆಳಿಗ್ಗೆ ಕರೆಂಟ್ ಬಂದರೂ ರೂಟರ್ ಸತ್ತೇ ಇದ್ದರೆ ಸಮಯದ ಲೆಕ್ಕ ತಪ್ಪಬಹುದು. ರೂಟರ್ ಇನ್ವರ್ಟರಿನಲ್ಲಿರಲಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ (ಏಕಾಏಕಿ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿಸುವುದು ಲೇಸು, ಟೆರೇಸಿನ ಟ್ಯಾಂಕಿನಿಂದ ಬರುವ ಸೆನ್ಸರ್ ವಯರ್ ಸಿಡಿಲಿಗೆ ಒಳದಾರಿ ಇದ್ದಂತೆ. ದೊಡ್ಡ ಗುಡುಗಿನ ಸಂಜೆ ಡಿಪಿ ಸ್ವಿಚ್ ತೆಗೆದು ಸೆನ್ಸರಿನ ಜ್ಯಾಕ್ ಎಳೆದಿಡುವುದು ಅದಕ್ಕಿಂತಲೂ ಅಗ್ಗ.

ಮನೆಯಲ್ಲಿ ಇಬ್ಬರೇ ಇದ್ದರೆ ಈ ಖಟಪಟಿ ಬೇಡ. ಇಬ್ಬರ ನಾಲ್ಕು ಬಕೆಟಿಗೆ ಬೇಕಾದ್ದು 1.2 ಯೂನಿಟ್. ಅಷ್ಟಕ್ಕಾಗಿ 200 ಲೀಟರ್ ಕಾಯಿಸಿದರೆ ಟ್ಯಾಂಕ್ ತಣಿಯುವ ನಷ್ಟವೇ ಮೀಯುವ ಖರ್ಚಿಗೆ ಸಮವಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಟೆರೇಸಿನ ಕಾಯಿಲನ್ನು ಮರೆತು ಬಚ್ಚಲಿನ 15 ಲೀಟರ್ ಗೀಸರ್ ಬಳಸಿ. 60 ಡಿಗ್ರಿಯ 15 ಲೀಟರಿಗೆ ತಣ್ಣೀರು ಬೆರೆಸಿದರೆ ಹತ್ತಿರ ಹತ್ತಿರ ಎರಡು ಬಕೆಟ್ ಸಿಗುತ್ತದೆ, ಕಾಯಲು 18 ನಿಮಿಷ. ಮೊದಲೇ ಹೇಳಿದ ಸ್ಮಾರ್ಟ್ ಪ್ಲಗ್ಗಿನಲ್ಲಿ ಒಬ್ಬೊಬ್ಬರಿಗೆ 25 ನಿಮಿಷದ ಟೈಮರ್ ಇಟ್ಟರೆ ಆಯಿತು. ಪ್ಲಗ್ ಬಚ್ಚಲಿನ ಒಳಗಲ್ಲ, ಹೊರಗೋಡೆಯಲ್ಲಿರಲಿ. ವಾರ ಕಳೆದ ಮೇಲೆ ಪಿನ್ ಕಪ್ಪಾಗಿದೆಯೇ ಎಂದು ಒಮ್ಮೆ ಕಳಚಿ ನೋಡಿ.