ಕರೆಂಟ್ ಬಂದ ಮೇಲೆ ಆ್ಯಪ್ ಏಳುತ್ತಾ? ಫಾರೆವರ್, ಪಿಎಂ2, ಸಿಸ್ಟಮ್‌ಡಿ ಹೋಲಿಕೆ

ಮಲೆನಾಡಿನಲ್ಲಿ ಸ್ವಂತ ಸರ್ವರ್ ಇಟ್ಟವರಿಗೆ ಮಳೆಗಾಲದಲ್ಲಿ ಒಂದೇ ಪರೀಕ್ಷೆ. ಮರ ಬಿದ್ದು ಲೈನ್ ಹೋಗುತ್ತದೆ, ಯುಪಿಎಸ್ ಸ್ವಲ್ಪ ಹೊತ್ತು ಎಳೆಯುತ್ತದೆ, ಆಮೇಲೆ ಎಲ್ಲ ಆಫ್. ಕರೆಂಟ್ ಬಂದಾಗ ಯಾರೂ ಮುಟ್ಟದೆ ಆ್ಯಪ್ ಮತ್ತೆ ಶುರುವಾಗಬೇಕು.

ನಾನು ನೋಡಿಕೊಳ್ಳುವುದು ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಯೊಂದರ ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಆ್ಯಪ್. ರಾಶಿ, ಬೆಟ್ಟೆ, ಸರಕು, ಗೊರಬಲು ಇವುಗಳ ಧಾರಣೆ ಮತ್ತು ತೂಕದ ಲೆಕ್ಕ ಅದರಲ್ಲಿದೆ. ಅದರ ಬೆನ್ನಿಗಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು. ಆ್ಯಪ್ ಬಿದ್ದರೆ ಎಬ್ಬಿಸುವ ಫಾರೆವರ್, ಪಿಎಂ2, ಮತ್ತೆ ಉಬುಂಟುವಿನಲ್ಲೇ ಇರುವ, ಬೂಟ್ ಆದಾಗ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ, ಈ ಮೂರನ್ನೂ ಅದರ ಮೇಲೇ ಓಡಿಸಿ ನೋಡಿದೆ.

ಫಾರೆವರ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಆ್ಯಪ್ ಬಿದ್ದರೆ ಎಬ್ಬಿಸುತ್ತದೆ. ಮಷಿನ್ ರೀಬೂಟ್ ಆದರೆ ಅದನ್ನೇ ಯಾರಾದರೂ ಎಬ್ಬಿಸಬೇಕು. ಹೊಸ ಪ್ರಾಜೆಕ್ಟ್‌ಗೆ ಪಿಎಂ2 ಅಥವಾ ನೋಡ್‌ಮನ್ ಬಳಸಿ ಎಂದು ಅದರ ರೀಡ್‌ಮಿಯಲ್ಲೇ ಬರೆದಿದ್ದಾರೆ. ಅಲ್ಲಿಗೆ ಬಿಟ್ಟೆ.

ಪಿಎಂ2 ಕೈಗೆ ಬೇಗ ಒಗ್ಗುತ್ತದೆ. ಒಂದು ಲಿಸ್ಟ್ ಕಮಾಂಡ್ ಕೊಟ್ಟರೆ ಮೆಮೊರಿ, ರೀಸ್ಟಾರ್ಟ್ ಸಂಖ್ಯೆ ಎಲ್ಲ ಟೇಬಲ್‌ನಲ್ಲಿ ಕಾಣುತ್ತದೆ. ತಕರಾರು ಶುರುವಾಗುವುದು ಬೂಟ್‌ನಲ್ಲಿ. ಸ್ಟಾರ್ಟ್‌ಅಪ್ ಕಮಾಂಡ್ ಕೊಟ್ಟು, ಓಡುತ್ತಿರುವ ಆ್ಯಪ್‌ಗಳ ಲಿಸ್ಟನ್ನು ಸೇವ್ ಮಾಡದಿದ್ದರೆ ಬೂಟ್ ಆದಾಗ ಪಿಎಂ2 ಏಳುತ್ತದೆ, ಆದರೆ ಲಿಸ್ಟ್ ಖಾಲಿ. ಇನ್ನೊಂದು ಕಾಟ ಸುಡೊ, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು. ಒಮ್ಮೆ ಸುಡೊ ಹಾಕಿ, ಒಮ್ಮೆ ಹಾಕದೆ ಓಡಿಸಿದರೆ ಎರಡು ಬೇರೆ ಬೇರೆ ಡೀಮನ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಹುಟ್ಟುತ್ತವೆ, ಒಂದರ ಲಿಸ್ಟ್ ಇನ್ನೊಂದಕ್ಕೆ ಕಾಣುವುದಿಲ್ಲ. ಲಿಸ್ಟ್ ಖಾಲಿ, ಆದರೂ ಪೋರ್ಟ್ ಬಳಕೆಯಲ್ಲಿದೆ ಎಂಬ ಎರರ್ ಬರುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಪ್ರೋಸೆಸ್ ಪಟ್ಟಿಯಲ್ಲಿ ಪಿಎಂ2 ಡೀಮನ್‌ನ ಹೆಸರಾದ 'ಗಾಡ್ ಡೀಮನ್' ಎಂದು ಹುಡುಕಿ. ಎರಡು ಸಿಕ್ಕರೆ ಕಳ್ಳ ಸಿಕ್ಕ ಹಾಗೆ. (ಆ ಹೆಸರು ಇಟ್ಟವರಿಗೆ ಧೈರ್ಯ ಜಾಸ್ತಿ!) ನೋಡ್ ವರ್ಷನ್ ಬದಲಿಸಿದ ಮೇಲೆ ಸ್ಟಾರ್ಟ್‌ಅಪ್ ಸ್ಕ್ರಿಪ್ಟನ್ನೂ ತೆಗೆದು ಮತ್ತೆ ಹಾಕಬೇಕು, ಯಾಕೆಂದರೆ ಅದರೊಳಗೆ ನೋಡ್ ಇರುವ ಜಾಗದ ಹಳೇ ದಾರಿಯೇ (ಪಾತ್) ಕೂತಿರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಉಬುಂಟುವಿನಲ್ಲಿ ಪಿಎಂ2 ಸ್ಟಾರ್ಟ್‌ಅಪ್ ಮಾಡುವುದು ಒಂದು ಸಿಸ್ಟಮ್‌ಡಿ ಸರ್ವಿಸ್ ಫೈಲ್ ಬರೆಯುವ ಕೆಲಸ. ಅಂದರೆ ಅದೂ ಎದ್ದೇಳುವುದು ಸಿಸ್ಟಮ್‌ಡಿ ಕೈ ಹಿಡಿದೇ. ಹಾಗಿದ್ದರೆ ನೇರ ಅದನ್ನೇ ಬಳಸಬಹುದಲ್ವಾ?

ಬಳಸಬಹುದು, ಆದರೆ ಅದಕ್ಕೂ ಅದರದೇ ಹಟವಿದೆ. ಸ್ಟೇಟಸ್‌ನಲ್ಲಿ 203 ಬಂದರೆ ಹೆಚ್ಚಾಗಿ ಅದಕ್ಕೆ ನೋಡ್ ಸಿಕ್ಕಿಲ್ಲ ಎಂದರ್ಥ. ಎನ್‌ವಿಎಂನಿಂದ (ನೋಡ್ ವರ್ಷನ್‌ಗಳನ್ನು ನೋಡಿಕೊಳ್ಳುವ ಸಾಧನ) ನೋಡ್ ಹಾಕಿಕೊಂಡವರಿಗೆ ಇದು ಮಾಮೂಲು. ಟರ್ಮಿನಲ್‌ಗೆ ಗೊತ್ತಿರುವ ದಾರಿ ಸರ್ವಿಸ್‌ಗೆ ಗೊತ್ತಿರುವುದಿಲ್ಲ, ಪೂರ್ತಿ ಪಾತ್ ಬರೆಯಬೇಕು. ವರ್ಕಿಂಗ್ ಡೈರೆಕ್ಟರಿ ಕೊಡದಿದ್ದರೆ ಪಾಸ್‌ವರ್ಡ್ ಇಟ್ಟಿರುವ ಡಾಟ್ ಎನ್ವ್ ಫೈಲ್ ಸಿಗದೆ ಆ್ಯಪ್ ಪಾಸ್‌ವರ್ಡ್ ಇಲ್ಲದೆ ಒದ್ದಾಡುತ್ತದೆ.

ಕರೆಂಟ್ ಹೋಗಿ ಬಂದಾಗಿನ ನಿಜವಾದ ಕಷ್ಟ ಬೇರೆ. ಥಟ್ಟನೆ ಆಫ್ ಆದ ಪೋಸ್ಟ್‌ಗ್ರೆಸ್ ಎದ್ದ ಮೇಲೆ ರಿಕವರಿ ಮುಗಿಸಬೇಕು. ಅಷ್ಟರಲ್ಲಿ ನಮ್ಮ ಆ್ಯಪ್ ಡೇಟಾಬೇಸ್ ಸಿಗದೆ ಬೀಳುತ್ತದೆ. ರೀಸ್ಟಾರ್ಟ್ ಆನ್ ಫೇಲ್ಯೂರ್ ಎಂದು ಬರೆದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡಿನಲ್ಲಿ ಮತ್ತೆ ಎಬ್ಬಿಸುತ್ತದೆ, ಅದು ಮತ್ತೆ ಬೀಳುತ್ತದೆ. 10 ಸೆಕೆಂಡಿನೊಳಗೆ 5 ಸಲದ ಮಿತಿ ದಾಟಿದರೆ ಕೈಚೆಲ್ಲಿ ಸುಮ್ನೆ ಕೂರುತ್ತದೆ. ಡೇಟಾಬೇಸ್ ರೆಡಿ, ಆ್ಯಪ್ ಸತ್ತಿದೆ. ರೀಸ್ಟಾರ್ಟ್‌ಸೆಕ್ (ಮತ್ತೆ ಎಬ್ಬಿಸುವ ಮುಂಚೆ ಕಾಯುವ ಹೊತ್ತು) ಅನ್ನು 10 ಸೆಕೆಂಡಿಗೆ ಏರಿಸಿದರೆ ಆ ಮಿತಿ ತಾಗುವುದೇ ಇಲ್ಲ. ಪಿಎಂ2ದಲ್ಲೂ ಇದೇ ಕಥೆ. ಒಂದು ಸೆಕೆಂಡೂ ನಿಲ್ಲದೆ ಬೀಳುತ್ತಾ ಹೋದರೆ 16 ಸಲಕ್ಕೆ 'ಎರರ್ಡ್' ಎಂದು ಬರೆದು ನಿಲ್ಲಿಸುತ್ತದೆ. ಅಲ್ಲಿ ಬ್ಯಾಕ್ಆಫ್ ಆಯ್ಕೆ ಹಾಕಿದರೆ ಬಿದ್ದಂತೆಲ್ಲ ಹೆಚ್ಚು ಹೊತ್ತು ಕಾಯುತ್ತದೆ.

ಲಾಗ್ ವಿಷಯದಲ್ಲಿ ನನ್ನ ಮತ ಸಿಸ್ಟಮ್‌ಡಿಗೆ. ಅದರ ಲಾಗ್ ಸಂಗ್ರಹವಾದ ಜರ್ನಲ್‌ನಲ್ಲಿ ಬೇಕೆಂದರೆ ಹಿಂದಿನ ಬೂಟ್‌ನದನ್ನಷ್ಟೇ ಬೇರೆಯಾಗಿ ಕೇಳಬಹುದು, ಪೋಸ್ಟ್‌ಗ್ರೆಸ್ ಸರ್ವಿಸ್ ಯಾವಾಗ ಎದ್ದಿತು ಎಂಬುದೂ ಅಲ್ಲೇ ಪಕ್ಕದಲ್ಲಿ ಕಾಣುತ್ತದೆ. ಪಿಎಂ2 ಲಾಗ್ ಫೈಲ್‌ಗಳಿಗೆ ಲಾಗ್‌ರೊಟೇಟ್ ಮಾಡ್ಯೂಲ್ ಹಾಕದಿದ್ದರೆ ಬೆಳೆಯುತ್ತಲೇ ಇರುತ್ತವೆ.

ಹಾಗಾಗಿ ಮಂಡಿಯ ಡಬ್ಬಕ್ಕೆ ಸಿಸ್ಟಮ್‌ಡಿ. ಶಿವಮೊಗ್ಗದಲ್ಲಿರುವ ಗೆಳೆಯರ ಸರ್ವರ್‌ಗೆ ಪಿಎಂ2ವನ್ನೇ ಉಳಿಸಿದ್ದೇವೆ. ಅಲ್ಲಿ ನಾಲ್ಕು ಕೋರ್ ಇವೆ, ಒಂದೇ ಆ್ಯಪ್‌ನ ಹಲವು ಪ್ರತಿಗಳು ಒಟ್ಟಿಗೆ ಓಡುವ ಕ್ಲಸ್ಟರ್ ಮೋಡ್‌ನಲ್ಲಿ ಓಡುತ್ತದೆ, ವ್ಯಾಪಾರದ ನಡುವೆಯೇ ಹೊಸ ಕೋಡ್ ರೀಲೋಡ್ ಮಾಡಬೇಕಾಗುತ್ತದೆ. ಸಿಸ್ಟಮ್‌ಡಿಯಲ್ಲಿ ಆ ಸೌಕರ್ಯ ಸುಲಭಕ್ಕೆ ಸಿಗುವುದಿಲ್ಲ. ಮತ್ತೆ, ಡೆಸ್ಕ್‌ಟಾಪ್‌ನ ಬಯಾಸ್ ಸೆಟ್ಟಿಂಗ್‌ನಲ್ಲಿ ಕರೆಂಟ್ ಬಂದ ತಕ್ಷಣ ಆನ್ ಆಗುವ ಆಯ್ಕೆ ಹಾಕಿದ್ದೀರಾ ನೋಡಿ. ಅದಿಲ್ಲದಿದ್ದರೆ ಡೆಸ್ಕ್‌ಟಾಪೇ ಏಳುವುದಿಲ್ಲ.