ಕಾಳಿ ಅಳಿವೆಯ ಉಪ್ಪುನೀರಿನಲ್ಲಿ ನಾಲ್ಕು ವರ್ಷ: ಒಂದು ಫ್ಲೈ ರೀಲಿನ ವಿಮರ್ಶೆ

ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ, ಕಾಳಿ ನದಿ ಸಮುದ್ರ ಸೇರುವಲ್ಲಿ, ನಾಲ್ಕು ವರ್ಷಗಳಿಂದ ಈ ರೀಲನ್ನು, ಅಂದರೆ ಗಾಳದ ದಾರ ಸುತ್ತುವ ಗಾಲಿಯನ್ನು, ಬಳಸುತ್ತಿದ್ದೇನೆ. ಇದು ವಿದೇಶದಲ್ಲಿ ತಯಾರಾದ, ಮಧ್ಯಮ ಬೆಲೆಯ, 8 ವೆಯ್ಟ್ ಲೈನಿಗೆ (ವೆಯ್ಟ್ ಎಂದರೆ ಲೈನಿನ, ಅಂದರೆ ದಾರದ, ತೂಕದ ದರ್ಜೆ) ಹೊಂದುವ ಅಲ್ಯೂಮಿನಿಯಂ ರೀಲು. ಇದೇ ವಿನ್ಯಾಸದ ರೀಲುಗಳನ್ನು ಹಲವು ಕಂಪನಿಗಳು ಮಾರುವುದರಿಂದ ಹೆಸರನ್ನು ಬಿಟ್ಟು ವಿನ್ಯಾಸದ ಬಗ್ಗೆಯೇ ಬರೆಯುತ್ತೇನೆ.

ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗಿನಲ್ಲಿ ತೂಕವಿರುವುದು ದಪ್ಪನೆಯ ಲೈನಿಗೇ. ಗರಿ, ಕೂದಲು ಕಟ್ಟಿದ ಹಗುರವಾದ ಗಾಳ (ಇದೇ ಫ್ಲೈ) ಅದರ ಬೆನ್ನಿಗೆ ಹೋಗುತ್ತದೆ. ಎಸೆಯುವಾಗ ರೀಲಿಗೆ ಹೆಚ್ಚಿನ ಕೆಲಸವಿಲ್ಲ. ಇದನ್ನು ಕಂಡ ನಮ್ಮ ಕೇರಿಯ ಹಿರಿಯ ಮೀನುಗಾರರೊಬ್ಬರು, "ತಮ್ಮಾ, ಬರೀ ದಾರ ಸುತ್ತುಕೆ ಇಷ್ಟೆಲ್ಲ ದುಡ್ಡಾ?" ಎಂದು ಕೇಳಿದ್ದರು. ಮೀನು ಕಚ್ಚುವವರೆಗೆ ಅವರ ಮಾತು ಸರಿಯೇ.

ರೀಲಿನ ಬೆಲೆ ತಿಳಿಯುವುದು ಮೀನು ಓಡತೊಡಗಿದ ಮೇಲೆ. ಈ ರೀಲಿನಲ್ಲಿ ಗೇರ್ ಇಲ್ಲ, ಹಿಡಿಯ ಒಂದು ಸುತ್ತಿಗೆ ದಾರ ಸುತ್ತಿಕೊಳ್ಳುವ ಸ್ಪೂಲೂ ಒಂದೇ ಸುತ್ತು ತಿರುಗುತ್ತದೆ. ಆದ್ದರಿಂದ ಸ್ಪೂಲಿನ ನಡುವಿನ ದಿಂಡು ಎಷ್ಟು ದಪ್ಪವಿದೆ ಎಂಬುದು ಬಹಳ ಮುಖ್ಯ. ನನ್ನ ಹಳೆಯ ರೀಲಿನ ದಿಂಡಿನ ಅಡ್ಡಳತೆ 3 ಸೆಂ.ಮೀ., ಇದರದ್ದು 5 ಸೆಂ.ಮೀ.; ಎರಡರಲ್ಲೂ ದಾರ ತುಂಬಿದಾಗ ಸುರುಳಿ 9 ಸೆಂ.ಮೀ. ಆಗುತ್ತದೆ. ಮೀನು ಎಳೆದಾಗ ಸ್ಪೂಲನ್ನು ತಡೆಯುವ ಬ್ರೇಕಿನ ಬಿಗಿ ಬದಲಾಗದಿದ್ದರೂ, ದಾರ ಖಾಲಿಯಾಗಿ ಸುರುಳಿ ಕಿರಿದಾದಂತೆ ಮೀನಿಗೆ ತಗಲುವ ಎಳೆತ ಹೆಚ್ಚುತ್ತದೆ. ತುಂಬಿದ ಸ್ಪೂಲಿನಲ್ಲಿ 1 ಕಿಲೋ ಎಳೆತಕ್ಕೆ ಹೊಂದಿಸಿದ ಬ್ರೇಕು ದಿಂಡಿನ ಹತ್ತಿರ ಹಳೆಯ ರೀಲಿನಲ್ಲಿ 3 ಕಿಲೋ ಆದರೆ, ಇದರಲ್ಲಿ 1.8 ಕಿಲೋ ಆಗುತ್ತದೆ. ತುದಿಯ ತೆಳು ದಾರ ಉಳಿಯುವುದೋ ಹರಿಯುವುದೋ ಎಂಬುದು ಈ ಅಂತರದಲ್ಲಿದೆ. (ಅಳಿವೆಯಲ್ಲಿ ಯಾವ ಮೀನೂ ನನ್ನ ಸ್ಪೂಲನ್ನು ಪೂರ್ತಿ ಖಾಲಿ ಮಾಡಿಲ್ಲ, ಅಂಥ ಮೀನು ಸಿಗಲೆಂಬ ಆಸೆಯಂತೂ ಇದೆ.) ದಿಂಡು ದಪ್ಪವಿರುವುದರಿಂದ ಲೈನು ಸ್ಪ್ರಿಂಗಿನಂತೆ ಸುರುಳಿಗಟ್ಟುವುದೂ ಕಡಿಮೆಯಾಗಿದೆ.

ಚೊಣಕ ಮೀನು (ಬಾರಮುಂಡಿ) ಕಚ್ಚಿದ ಕೂಡಲೇ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ಕಡೆಗೆ ನುಗ್ಗುತ್ತದೆ. ಆ ಮೊದಲ ಕ್ಷಣದಲ್ಲಿ ಬ್ರೇಕು ತಡವರಿಸಿದರೆ ದಾರಕ್ಕೆ ಜರ್ಕ್ ಬಿದ್ದು ಹರಿಯುತ್ತದೆ. ಇದರ ಕಾರ್ಬನ್ ಬಿಲ್ಲೆಗಳ ಬ್ರೇಕನ್ನು ರಬ್ಬರ್ ರಿಂಗ್ ಹಾಕಿ ಮುಚ್ಚಿದ್ದಾರೆ. ನಾಲ್ಕು ಮಳೆಗಾಲ ಕಳೆದರೂ ಅದು ಮೊದಲ ದಿನದ ನಯದಲ್ಲೇ ಬಿಡುತ್ತಿದೆ.

ಇಷ್ಟು ಜಾಣತನ ತೋರಿದವರು ಹಿಡಿಯ ಸ್ಕ್ರೂ ವಿಷಯದಲ್ಲಿ ಎಡವಿದ್ದಾರೆ. ಅಲ್ಯೂಮಿನಿಯಂ ಸ್ಪೂಲಿಗೆ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂವನ್ನು ನೇರವಾಗಿ ಕೂಡಿಸಿದ್ದಾರೆ. ಉಪ್ಪುನೀರು ಸೇರಿದರೆ ಇಂಥ ಜೋಡಿಯಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಎರಡನೆಯ ವರ್ಷ ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿ ಹಿಡಿ ಅಲ್ಲಾಡದಂತಾಯಿತು. ಮಾರಿದ ಅಂಗಡಿಯವರು ಬಿಡಿಭಾಗಕ್ಕೆ ಮೂರು ತಿಂಗಳು ಕಾಯಿಸಿ ಕೊನೆಗೆ ಕೈಚೆಲ್ಲಿದರು. ಅಂಕೋಲೆಯ ಲೇತ್ ಅಂಗಡಿಯಲ್ಲಿ ಸ್ಕ್ರೂವನ್ನು ಕೊರೆದು ತೆಗೆದು, ಎರಡು ಲೋಹಗಳು ತಾಗದಂತೆ ನಡುವೆ ನೈಲಾನ್ ಬುಶ್ (ಕೊಳವೆಯಂಥ ತುಂಡು) ಹಾಕಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಕಂಪನಿಯೇ ಮೊದಲು ಅದನ್ನು ಹಾಕಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಟಿಕ್ ಟಿಕ್ ಸದ್ದು ಮಾಡುವ ಸ್ಪ್ರಿಂಗೂ ತುಕ್ಕು ಹಿಡಿದು ಮುರಿದಿದೆ; ಅದಿಲ್ಲದೆಯೂ ನಡೆಯುತ್ತದೆಂದು ಹಾಗೇ ಬಿಟ್ಟಿದ್ದೇನೆ.

ಕೊಳ್ಳುವವರು ಸ್ಪೂಲು ಮತ್ತು ಚೌಕಟ್ಟಿನ ನಡುವಿನ ಸಂದನ್ನೂ ಗಮನಿಸಬೇಕು. ಇದರಲ್ಲಿ ಅದು ತುಸು ಅಗಲವಾಗಿದ್ದು, ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲಿಟ್ಟರೆ ಮರಳು ಸೇರಿ ಕರಕರ ಎನ್ನುತ್ತದೆ. ಸ್ಪೂಲು ಮಾತ್ರ ಯಾವ ಉಪಕರಣವೂ ಇಲ್ಲದೆ ಕೈಯಲ್ಲೇ ಬಿಚ್ಚಿಬರುವುದರಿಂದ ತೊಳೆಯುವುದು ಸುಲಭ. ನಳದ ನೀರನ್ನು ಜೋರಾಗಿ ಬಿಡಬಾರದು, ಉಪ್ಪು ರಿಂಗ್ ದಾಟಿ ಒಳಗೆ ಹೋಗಬಹುದು. ಬಾವಿಯ ಸಿಹಿನೀರಿನ ಬಕೆಟಿನಲ್ಲಿ ಅದ್ದಿ, ಬ್ರೇಕನ್ನು ಪೂರ್ತಿ ಸಡಿಲಿಸಿ, ನೆರಳಿನಲ್ಲಿ ಒಣಗಿಸುತ್ತೇನೆ. ಮರುದಿನ ಹಿಡಿಯ ಬುಡಕ್ಕೆ ಒಂದಿಷ್ಟು ಗ್ರೀಸ್ ಹಚ್ಚಿ ಚೀಲಕ್ಕೆ ಸೇರಿಸುತ್ತೇನೆ.